ಅಪ್ಪನ ದಪ್ಪಕ್ಷರ

ಆಗ ನನಗೆ ಎಂಟು ವರ್ಷ. ಅದಾಗಿ ಅರವತ್ತು ವರ್ಷ ಕಳೆದರೂ, ಸೀಮೆಎಣ್ಣೆ ಬೆರೆಸಿದ ಕಪ್ಪು ಬಣ್ಣದ ವಾಸನೆ ಬಂದರೆ ಈಗಲೂ ಎದ್ದು ಆಚೆ ಹೋಗಿಬಿಡುತ್ತೇನೆ. ಸೂಲಿಬೆಲೆ ಕಡೆಯ ನಮ್ಮ ಮನೆಯ ಜಗಲಿ ತುಂಬ ಅದೇ ವಾಸನೆ. ಅಪ್ಪ ಬೋರ್ಡ್ ಬರೆಯುತ್ತಿದ್ದ. ತಗಡು ಸಣ್ಣದು, ಮಾತು ಉದ್ದ. ಅದಕ್ಕೇ ಬಾಲ, ಬಳುಕು ಏನೂ ಇಲ್ಲದ ದಪ್ಪ ಅಕ್ಷರಗಳನ್ನು, ಸಂತೆ ಬಸ್ಸಿನಲ್ಲಿ ಜನ ನಿಂತ ಹಾಗೆ, ಒತ್ತೊತ್ತಾಗಿ ನಿಲ್ಲಿಸುತ್ತಿದ್ದ. ದಪ್ಪ ಹೆಚ್ಚಾದರೆ ಅಕ್ಷರದೊಳಗಿನ ತೂತು ಮುಚ್ಚಿಹೋಗಿ ದೂರಕ್ಕೆ ಬರೀ ಮಸಿ ಕಾಣುತ್ತದೆ. ಹಾಗಾಗಿ ಬಣ್ಣ ಒಣಗುವ ಮೊದಲೇ ತಗಡನ್ನು ಗೋಡೆಗೆ ಆನಿಸಿ, ಅಮ್ಮನನ್ನು ಹುಣಸೆಮರದ ಹತ್ತಿರ ನಿಲ್ಲಿಸುತ್ತಿದ್ದ. ಅಮ್ಮನಿಗೆ ಒಂದಕ್ಷರವೂ ಬರದು. ಓದು ಬಂದವರು ಅರ್ಧ ನೋಡಿ ಉಳಿದದ್ದನ್ನು ಊಹಿಸಿಬಿಡುತ್ತಾರೆ, ಇವಳು ಕಂಡಷ್ಟೇ ಹೇಳುತ್ತಾಳೆ ಎಂದು ಅಪ್ಪನ ನಂಬಿಕೆ. "ಮೂರ್ನೇದು ಮುಚ್ಕೊಂಡೈತೆ!" ಎಂದು ಅಮ್ಮ ಕೂಗಿದರೆ, "ಹದ್ದಿನ್ ಕಣ್ಣು ಕಣೇ ನಿಂದು" ಎಂದು ಗೊಣಗುತ್ತಲೇ ತಿದ್ದುತ್ತಿದ್ದ.

ಅಮ್ಮ ಸಮೇತನಹಳ್ಳಿಯ ತವರಿಗೆ ಹೋಗಿದ್ದಾಗ ಕಲ್ಲುಕ್ವಾರಿಯವರ ಕೆಲಸ ಬಂತು: ಬಂಡೆ ಸಿಡಿಸುತ್ತೇವೆ, ಮುಂದೆ ಬರಬೇಡಿ. ಅವಸರದ ಕೆಲಸ. ಅಪ್ಪ ನನ್ನನ್ನು ಮರದ ಹತ್ತಿರ ನಿಲ್ಲಿಸಿ, "ಕಾಣ್ತೈತೇನಮ್ಮಾ?" ಎಂದ. ಅವನು ಬರೆಯುವಾಗ ಪಕ್ಕದಲ್ಲೇ ಕೂತು ನೋಡಿದ್ದೆ. ಎರಡನೇ ಕ್ಲಾಸಿನ ಜಂಬ ಬೇರೆ. ಪಟಪಟನೆ ಒಪ್ಪಿಸಿದೆ. ಅಪ್ಪ ಹಿಗ್ಗಿದ. ಬೋರ್ಡನ್ನು ಕ್ವಾರಿಯ ಕಾಲುದಾರಿಯಲ್ಲಿ ನೆಟ್ಟರು.

ಎರಡು ದಿನ ಬಿಟ್ಟು, ಶಾಲೆಯಿಂದ ಬರುವಾಗ, ಅದನ್ನು ನೋಡೋಣವೆಂದು ದಾರಿಯ ತಿರುವಿನಲ್ಲಿ ನಿಂತೆ. ಅಷ್ಟು ದೂರಕ್ಕೆ ಅಕ್ಷರವೇ ಇಲ್ಲ. ಕಪ್ಪು ಪಟ್ಟಿ. ಅವತ್ತೇ ಅಮ್ಮ ನನ್ನ ಸೋದರಮಾವನ ಜೊತೆ ಅದೇ ದಾರಿಯಲ್ಲಿ ವಾಪಸು ಬರಬೇಕಿತ್ತು. ಹೇಳಿದರೆ ಅಪ್ಪ ಹೊಡೆಯುತ್ತಾನೆಂದು ಬಾಯಿ ಮುಚ್ಚಿಕೊಂಡು ಹೋಗಿ ಒಲೆಯ ಮುಂದೆ ಕೂತೆ. ಬಂಡೆ ಸಿಡಿಯಿತು. ಗೂಡಿನಲ್ಲಿದ್ದ ಲೋಟಗಳು ನಡುಗಿದವು. ಕೂತಲ್ಲೇ ಉಚ್ಚೆ ಹೊಯ್ದುಕೊಂಡೆ.

ಹೊತ್ತು ಮುಳುಗುವಾಗ ಇಬ್ಬರೂ ಬಂದರು. ಅಮ್ಮನ ತಲೆಯೆಲ್ಲ ಧೂಳು. ಮಾವನ ಭುಜಕ್ಕೆ ಸುತ್ತಿದ ಟವಲು ಕೆಂಪಾಗಿತ್ತು.

"ಬೋರ್ಡೇನೋ ಇತ್ತು ಭಾವ. ತಗಡಿಗೆ ಟಾರ್ ಬಳಿದವ್ರೆ ಅನ್ಕೊಂಡೆ," ಎಂದ ಮಾವ.

ಅಮ್ಮ ಅಪ್ಪನ ಕಡೆ ತಿರುಗಿದಳು. "ನಾನಿಲ್ದಾಗ ಯಾರ್ನ ನಿಲ್ಸಿ ನೋಡುದ್ರಿ?"

"ಮಗೂನ."

"ಅವ್ಳಿಗೆ ಓದಕ್ಕೆ ಬತ್ತೈತಲ್ಲ!"

ನನ್ನನ್ನು ಯಾರೂ ಬೈಯಲಿಲ್ಲ. ಅಮ್ಮ ಬಿಸಿನೀರಿಗೆ ಅರಿಸಿನ ಹಾಕಿ ಮಾವನ ಗಾಯ ತೊಳೆದಳು. ಅಪ್ಪ ಜಗಲಿಯಲ್ಲಿ, ತೊಳೆದಿದ್ದ ಕುಂಚವನ್ನೇ ಮತ್ತೆ ತೊಳೆಯುತ್ತಾ ಕೂತ. ಆ ಜಗಲಿ ಇದ್ದ ಕಡೆ ಈಗ ರಸ್ತೆ ಹೋಗಿದೆ, ಆ ಮೂವರೂ ಇಲ್ಲ. ಎರಡನೇ ಕ್ಲಾಸಿಗೇ ಓದು ಯಾಕೆ ಬಿಟ್ಟೆ ಎಂದು ಮೊಮ್ಮಕ್ಕಳು ಕೇಳುತ್ತಾರೆ.

ಅವತ್ತಿನ ಮರುದಿನ ಬೆಳಗ್ಗೆ, ಅಮ್ಮ ಏಳುವ ಮೊದಲೇ ಎದ್ದು, ನನ್ನ ಸ್ಲೇಟನ್ನು ಬಾವಿಗೆ ಹಾಕಿಬಿಟ್ಟೆ.