ಆಜಿ ನೋಡದ ಊಟ

ಸಮಡೋಳಿ ಅನ್ನುವ ಊರಿನ ಒಂದು ಜೈನರ ಮನೆಗೆ ವೈಫೈ ಹಾಕಲು ಹೋಗಿದ್ದೆ. ಲೈನ್ ಬಂತೋ ಇಲ್ಲವೋ ಅಂತ ಟಿವಿ ಹಚ್ಚಿದರೆ, ಮನೆಯ ಅಜ್ಜಿ, ಎಲ್ಲರ ಬಾಯಲ್ಲಿ ಆಜಿ, ತಾವು ಫೋನಿನಲ್ಲಿ ಆಗಲೇ ನೋಡಿದ್ದ ಜಪಾನಿನ ಒಂದು ಆನಿಮೆ, ಅಂದರೆ ಕಾರ್ಟೂನು ಸರಣಿ, ಹಾಕಿಸಿದರು. ಮಾಂತ್ರಿಕರು, ರಾಕ್ಷಸರು ಇರುವ ಆ ಸರಣಿಯನ್ನು ನಾನು ಎರಡು ಸಲ ನೋಡಿದವನು.

“ಹೆಂಗೈತ್ರಿ ಆಜಿ?” ಅಂದೆ.

“ಭಾಳ ಛಲೋ ಐತಿ. ಆ ಮಾಂತ್ರಿಕ ಹುಡುಗಿ ರಾಕ್ಷಸಗ ಸೈತ ಸೀದಾ ಹೊಡಿಯೂದಿಲ್ಲ, ಮೊದಲ ಹೆಸರ ಕೇಳ್ತಾಳ. ದೋಷ ಒಂದ ಐತಿ, ಎಲ್ಲಾರೂ ಕತ್ತಲಾದ ಮ್ಯಾಲ ಉಣತಾರ. ಅದನ್ನ ನಾ ನೋಡೂದಿಲ್ಲ, ಮುಂದ ಓಡಸ್ತೇನಿ.”

ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ.

ಆಮೇಲೆ ಆಜಿ ದನಿ ತಗ್ಗಿಸಿ, “ಆ ಹುಡುಗಿ ಹೆಸರ ಕೇಳಿದ ರಾಕ್ಷಸ ಕಡೀಕ ಯಾಕ ಅಳ್ತಾನೋ ತಮ್ಮಾ?” ಅಂದರು.

ಅವನು ತನ್ನ ಸತ್ತ ಮಗಳ ಸುದ್ದಿ ಹೇಳಿದ್ದು ರಾತ್ರಿ ಬೆಂಕಿಯ ಸುತ್ತ ಕುಂತು ಉಣ್ಣುವಾಗ, ಆಜಿ ಮುಂದೆ ಓಡಿಸಿದ ಭಾಗದಲ್ಲಿ. ಅದನ್ನು ಹೇಳಿದೆ. ಆಜಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಇಂಥಾ ಮಾತ ಹಗಲೊತ್ತಿನಾಗ ಹೇಳಾಕ ಏನಾಗಿತ್ತು ಅವಗ?” ಅಂತ ಸಿಟ್ಟಾದರು.

ಎರಡು ಸಲ ನೋಡಿದರೂ ನನಗೆ ಈ ದೋಷ ಕಂಡಿರಲಿಲ್ಲ. ಆ ಕಥೆಯಲ್ಲಿ ಮನಸ್ಸಿನ ಮಾತು ಹೊರಬರುವುದೆಲ್ಲ ರಾತ್ರಿಯ ಊಟಕ್ಕೆ ಕುಂತಾಗಲೇ. ನಮ್ಮ ಮನೆಯಲ್ಲೂ ಹಂಗೇ ಅನ್ನುವುದನ್ನು ಆಜಿಯ ಮುಂದೆ ಹೇಳಲು ಹೋಗಲಿಲ್ಲ.