ಮಾತಾಡಿದರೆ ಔಟ್

ಹೋದ ರವಿವಾರ ಬಸವನ ಬಾಗೇವಾಡಿಯಲ್ಲಿರುವ ನಮ್ಮಕ್ಕನ ಮನೆಗೆ ಹೋದೆ. ಅಕ್ಕ ಗೋಡೆಗೆ ಹೇಳಿದಳು: "ನನ್ನ ತಮ್ಮ ಬಂದಾನ, ಯಾರರೆ ಚಾ ಇಡ್ರಿ." ಗೋಡೆಯಾಚೆ ಅಡುಗೆಮನೆಯಲ್ಲಿ ಸೊಸೆ ರೇಖಾ ಇದ್ದಳು. ಚಹಾ ಬಂತು. ಮಾತು ಬರಲಿಲ್ಲ.

ಇಬ್ಬರೂ ಮಾತು ಬಿಟ್ಟು ತಿಂಗಳಾಗಿತ್ತಂತೆ. ಕಾರಣ? ಜೋಳದ ರೊಟ್ಟಿ. ಆ ಮನೆಯಲ್ಲಿ ರೊಟ್ಟಿ ಬಡಿಯುವವಳು ಯಾವತ್ತೂ ಅಕ್ಕನೇ. ರೇಖಾ ಕೇಳದೇ ಹೊರಗಿನಿಂದ ರೊಟ್ಟಿ ತರಿಸಿಬಿಟ್ಟಳು. (ನಮ್ಮ ಕಡೆ ಬೈದರೂ ಮರೆಯುತ್ತಾರೆ. ರೊಟ್ಟಿಯ ತಂಟೆಗೆ ಮಾತ್ರ ಹೋಗಬೇಡಿ.)

"ನನ್ನ ಕೈ ರೊಟ್ಟಿ ಸಾಕಾಗೇತಿ ಅಕೀಗೆ" ಎಂದು ಅಕ್ಕ ಕಣ್ಣೊರೆಸಿಕೊಂಡಳು.

"ನಡುವ ನನ್ನ ಹಣೆಬರಾ ನೋಡ್ರಿ ಮಾಮಾ" ಎಂದ ಅವಳ ಮಗ ಮಹಾಂತೇಶ.

ನನ್ನ ಬ್ಯಾಗಿನಲ್ಲಿ ಹೊಸ ಆಟದ ಡಬ್ಬಿ ಇತ್ತು. ಈಗಿನ ಬೋರ್ಡ್ ಗೇಮ್‌ಗಳು ಲೂಡೋ ಥರ ಅಲ್ಲ. ಇದರಲ್ಲಂತೂ ಬೋರ್ಡೇ ಇಲ್ಲ, ಬರೀ ನಂಬರ್ ಕಾರ್ಡು. ಒಬ್ಬರ ಕಾರ್ಡು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೂ ಎಲ್ಲರೂ ಸೇರಿ, ಸರದಿಯಿಲ್ಲದೆ, ಸಣ್ಣ ನಂಬರಿನಿಂದ ದೊಡ್ಡದಕ್ಕೆ ಕಾರ್ಡು ಇಳಿಸುತ್ತ ಹೋಗಬೇಕು. ಗೆದ್ದರೆ ಎಲ್ಲರೂ, ಸೋತರೂ ಎಲ್ಲರೂ. ಸನ್ನೆ ಮಾಡುವಂತಿಲ್ಲ. ಮಾತಾಡಿದರೆ ಔಟ್.

ನಾನು, ಮಹಾಂತೇಶ ಸೇರಿ ಮೊದಲ ಆಟ ಕೆಡಿಸಿದೆವು. (ಅಂಕಣ ಬರೆಯುವವನಿಗೆ ಸುಮ್ಮನಿರಲು ಬರುತ್ತದೆಯೇ?) ಎರಡನೇ ಆಟಕ್ಕೆ ಅತ್ತೆ-ಸೊಸೆ ಇಬ್ಬರೇ ಉಳಿದರು. ಮಾತಿಲ್ಲದೆ ಒಂದೇ ಒಲೆಯ ಮೇಲೆ ಸಂಸಾರ ನಡೆಸಿದವರಿಗೆ ಕಾರ್ಡು ಯಾವ ಲೆಕ್ಕ? ಹನ್ನೊಂದು, ಮೂವತ್ತು, ಐವತ್ತೆಂಟು. ಒಂದೂ ತಪ್ಪಲಿಲ್ಲ.

ಆಮೇಲೆ ರೇಖಾಳ ಕೈ ಮುಂದೆ ಬಂದು ಹಿಂದೆ ಸರಿಯಿತು. ಅಕ್ಕನನ್ನೇ ನೋಡುತ್ತ ಕಾದಳು. ಅಕ್ಕ ಮೆಲ್ಲಗೆ ಕೈ ಎತ್ತಿ ಅರವತ್ತೊಂದು ಇಟ್ಟಳು. ರೇಖಾಳ ಕೈಯಲ್ಲಿದ್ದದ್ದು ಅರವತ್ತೆರಡು!

ನನಗೆ ತಡೆಯಲಾಗಲಿಲ್ಲ. "ಕಾಯಬೇಕಂತ ಹೆಂಗ ಗೊತ್ತಾತವಾ?"

ಅವಳೂ ಆಟ ಮರೆತಳು. "ಅತ್ತೀಗೆ ಹೆಗಲು ನೋಯ್ತೈತ್ರಿ ಮಾಮಾ. ಕೈ ಎತ್ತಾಕ ಹೊತ್ತ ಹಿಡಿತೈತಿ."

ಅಕ್ಕ ಸೊಸೆಯ ಮುಖ ನೋಡಿದಳು. "ರೊಟ್ಟಿ ತರಿಸಿದ್ದು ಇದಕ್ಕೇನ ನೀ?"

"ಹೂಂರಿ ಅತ್ತಿ. ಬಡೀಬ್ಯಾಡ್ರಿ ಅಂದ್ರ ನೀವು ಕೇಳ್ತಿದ್ರೇನು?"

"ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ?"

"ಅವ್ವಾ, ಮಾತಾಡಿದಿ. ಔಟ್" ಎಂದ ಮಹಾಂತೇಶ.

"ಸೋತ್ರ ಸೋತ್ವಿ ತಗೋ" ಎನ್ನುತ್ತ ಅಕ್ಕ ಸೊಸೆಯ ಕಡೆ ಹೆಗಲು ಕೊಟ್ಟು ಕೂತಳು. "ನೀ ಎಣ್ಣಿ ತಾ ಹೋಗು, ಒಂದೀಟು ತಿಕ್ಕು."

ಇಬ್ಬರೂ ಸೋತದ್ದಕ್ಕೆ ನನಗಾದ ಖುಷಿ ಅಷ್ಟಿಷ್ಟಲ್ಲ.

ಡಬ್ಬಿ ಈಗ ನನ್ನ ಹತ್ತಿರವೇ ಇದೆ. ನಿಮ್ಮ ಮನೆಯಲ್ಲಿ ಯಾರು ಯಾರ ಕೂಡ ಮಾತು ಬಿಟ್ಟಿದ್ದೀರಿ?