ಶೇಂಗಾ ಚಟ್ನಿಯ ಊರು

ಇವತ್ತು ಪಕ್ಕದ ಮನೆಯಲ್ಲಿ ಹುರಿದ ಶೇಂಗಾದ ಜೊತೆ ಕೆಂಪು ಮೆಣಸಿನಕಾಯಿ ಕುಟ್ಟುತ್ತಿದ್ದಾರೆ. ಈ ಘಾಟು ಮೂಗಿಗೆ ಬಡಿದರೆ ನನಗೆ ಹಸಿವಾಗಬೇಕು. ಆಗುತ್ತಿರುವುದು ಗಲಿಬಿಲಿ. ಇದಕ್ಕೆಲ್ಲ ನನ್ನ ಫೋನೇ ಕಾರಣ.

ನಿವೃತ್ತಿಯಾದ ಮೇಲೆ ನನಗೊಂದು ಚಟ ಹತ್ತಿದೆ. ಬೈಲಹೊಂಗಲದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು 'ನಿಮಗಿದು ಗೊತ್ತೇ?' ಎಂಬಂಥವನ್ನು ಓದುವುದು. ಆಕ್ಟೋಪಸ್ಸಿಗೆ ಮೂರು ಹೃದಯವಂತೆ. ಇರಲಿ ಪಾಪ, ನನಗೇನೂ ತೊಂದರೆಯಿಲ್ಲ. ಆದರೆ ಮೆಣಸಿನಕಾಯಿ, ಶೇಂಗಾ ಎರಡೂ ನಮ್ಮವಲ್ಲವಂತೆ! ಕೆಲವು ನೂರು ವರ್ಷಗಳ ಹಿಂದೆ ಅಮೆರಿಕ ಖಂಡದ ಕಡೆಯಿಂದ ಹಡಗು ಹತ್ತಿ ಬಂದವಂತೆ. ನಿಮಗಿದು ಮೋಜಿನ ಸುದ್ದಿ. ನನಗೆ ಜೀವದ ಪ್ರಶ್ನೆ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ನಮ್ಮ ಮನೆಯಲ್ಲಿ ನನ್ನ ಸೋದರತ್ತೆ ಇದ್ದಾಳೆ. ನಾನು ಚಿಕ್ಕವನಿದ್ದಾಗ ವಿಷಮಜ್ವರ ಬಂದು, ಡಾಕ್ಟರೂ ಕೈಚೆಲ್ಲಿದ್ದರಂತೆ. ಆಗ ಅತ್ತೆ ಸವದತ್ತಿಯ ಗುಡ್ಡ ಹತ್ತಿ ಎಲ್ಲಮ್ಮನ ಮುಂದೆ ನಿಂತಳು. ಚಳವಳಿಯಲ್ಲಿ ಪರದೇಶಿ ಬಟ್ಟೆ ಸುಟ್ಟ ಅಪ್ಪನ ಮಗಳು, ಹರಕೆಯೂ ಅದೇ ಧಾಟಿಯದು. "ಹುಡುಗ ಎದ್ದು ಕುಂತ್ರ, ಪರದೇಶದಿಂದ ಬಂದದ್ದು ಯಾವುದೂ ಬಾಯಾಗ ಇಡೂದಿಲ್ಲ, ತಾಯಿ."

ನಾನು ಎದ್ದು ಕುಳಿತೆ. ಅವತ್ತಿನಿಂದ ಅತ್ತೆ ಬಟಾಟೆ ಬಿಟ್ಟಳು, ಟೊಮೆಟೊ ಬಿಟ್ಟಳು, ಸಾಹೇಬರು ತಂದದ್ದೆಂದು ಚಹಾ ಕೂಡ ಬಿಟ್ಟಳು. ಚಹಾ ಅಂದರೆ ಪ್ರಾಣ ಬಿಡುತ್ತಿದ್ದವಳು. ನಾವೆಲ್ಲ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಸೊರ್ರೆಂದು ಕುಡಿಯುವಾಗ ಏನಾದರೊಂದು ನೆಪ ಹೇಳಿ ಹಿತ್ತಲಿಗೆ ಹೋಗುತ್ತಿದ್ದಳು. ಅವಳ ನಾಲಿಗೆಗೆ ಉಳಿದ ಒಂದೇ ಚಪಲ ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿ.

ಈಗ ನೀವೇ ಹೇಳಿ. ನಾನು ಎದ್ದು ಕುಳಿತ ಮೇಲೆ ಅವಳು ಉಂಡ ಮೊದಲ ತುತ್ತಿಗೇ ಹರಕೆ ಮುರಿದಿತ್ತೇ? ಹಾಗಾದರೆ ನಾನು ಇಲ್ಲಿಯವರೆಗೆ ಬದುಕಿದ್ದು ಹೇಗೆ? ದೇವಿಗೂ ಮೆಣಸಿನಕಾಯಿಯ ಊರು ಗೊತ್ತಿರಲಿಲ್ಲವೇ, ಅಥವಾ ಗೊತ್ತಿದ್ದೂ ಸುಮ್ಮನಿದ್ದಳೇ? ದೇವರನ್ನು ಅಷ್ಟಾಗಿ ನಂಬದ ನಾನು ಇದನ್ನೆಲ್ಲ ಯಾಕೆ ಯೋಚಿಸುತ್ತಿದ್ದೇನೆ ಎಂಬುದೂ ತಿಳಿಯುತ್ತಿಲ್ಲ.

ಹೊಸದಾಗಿ ತಿಳಿದದ್ದು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿನ್ನೆ ಊಟಕ್ಕೆ ಕುಳಿತಾಗ ಅಂದೇಬಿಟ್ಟೆ. "ಅತ್ತಿ, ಈ ಮೆಣಸಿನಕಾಯಿ, ಶೇಂಗಾ ಎರಡೂ ಪರದೇಶದ್ವಂತ."

ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಕೈ ತಟ್ಟೆಯ ಮೇಲೇ ನಿಂತಿತು.

"ಖರೇನ?"

"ಫೋನಿನ್ಯಾಗ ಹಂಗ ಐತಿ."

ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿದಳು. "ಇಷ್ಟ ದಿನಾ ಗೊತ್ತಿಲ್ದ ತಿಂದೆ, ಆ ಎಲ್ಲಮ್ಮ ಹೊಟ್ಯಾಗ ಹಾಕ್ಕೊಂಡಾಳ. ಇನ್ನ ಗೊತ್ತಿದ್ದೂ ತಿಂದು, ನಿನಗ ಏನರ ಆದ್ರ?"

"ನನಗೇನ ಆಗತೈತಿ ಅತ್ತಿ? ತಲಿ ಬೆಳ್ಳಗಾಗೇತಿ."

"ಬಾಯಿ ಮುಚ್ಚ," ಎಂದು ಗದರಿದಳು.

ನನಗೆ ಸಂಕಟವಾಯಿತು. ಅವಳಿಗಿದ್ದ ಒಂದೇ ರುಚಿಯನ್ನು ಕಿತ್ತುಕೊಂಡು, ಬದಲಿಗೆ ನಾನು ಕೊಟ್ಟದ್ದೇನು? ಒಂದು ಸುದ್ದಿ. ಅವಳು ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ಅದ್ದಿ, ತುತ್ತನ್ನು ಬಾಯಿಯವರೆಗೂ ತಂದು, ತಡೆದಳು.

"ಮತ್ತ ಈ ಜ್ವಾಳ?"

ಜೋಳದ ತವರು ಆಫ್ರಿಕ ಎಂದು ಅದೇ ಫೋನು ಬೆಳಿಗ್ಗೆ ಹೇಳಿತ್ತು.

"ಜ್ವಾಳ ನಮ್ಮದ, ಅತ್ತಿ," ಎಂದೆ. "ಇಲ್ಲೇ, ಸಂಪಗಾಂವದ ಹೊಲದಾಗ ಹುಟ್ಟಿದ್ದು. ಉಣ್ಣು ನೀ."

ಉಂಡಳು. ಇವತ್ತು ನಾನು ಫೋನು ಮುಟ್ಟಿಲ್ಲ. ಮಜ್ಜಿಗೆಯ ಊರು ಯಾವುದಾದರೂ ಆಗಿರಲಿ, ಅದು ನನಗೆ ತಿಳಿಯುವುದು ಬೇಡ.